ಎಂಜಲು ಕೀಲಿ

ಆಷಾಢ ಬಂತೆಂದರೆ ಅರಸೀಕೆರೆಯಲ್ಲಿ
ನಮ್ಮ ಬ್ಯಾಂಡ್ ಸೆಟ್ಟಿಗೆ ಕೆಲಸವಿಲ್ಲ.
ಕೆಂಪು ಕೋಟುಗಳು ಅಟ್ಟದ ಮೇಲೆ, ಗಂಟಿನಲ್ಲಿ.
ಡ್ರಮ್ಮಿನ ಈರಣ್ಣ ಗಾರೆ ಕೆಲಸಕ್ಕೆ.
ನಾನು ಬಚ್ಚಲಲ್ಲಿ ಕಾಲು ಚಾಚಿ ಕೂತು
ಎಳೆಗೂಸಿಗೆ ಎರೆಯುವ ಅಜ್ಜಿಯ ಹಾಗೆ
ಟ್ರಂಪೆಟ್ಟಿಗೆ ನೀರೆರೆಯುತ್ತೇನೆ.

ಉಗುರುಬೆಚ್ಚಗಿರಬೇಕು, ಅಷ್ಟೇ.
ಬಿಸಿ ಹೆಚ್ಚಾದರೆ ಮೆರುಗು ಸುಲಿದು ಬರುತ್ತದೆ.
ಇದ್ದರೆ ತಾನೇ ಸುಲಿಯುವುದು!
ಮದುವೆಯಾದ ಹೊಸದರಲ್ಲಿ ನನ್ನವಳು
ಇದನ್ನೂ ಹಿತ್ತಾಳೆ ಚೆಂಬೆಂದುಕೊಂಡು
ಹುಣಿಸೇಹಣ್ಣು ಹಾಕಿ ತಿಕ್ಕಿಟ್ಟಳು.
ಅವತ್ತು ಕಣ್ಣು ಕುಕ್ಕುವ ಹಾಗೆ ಹೊಳೆಯಿತು,
ಎಂಟೇ ದಿನಕ್ಕೆ ಮಂಕಾಯಿತು.
ಇಬ್ಬರೂ ಆಮೇಲೆ ಆ ಮಾತೆತ್ತಿಲ್ಲ.

ಪಿಸ್ಟನ್ನು ಮೂರು.
ಒಂದೊಂದರ ಮೈಮೇಲೂ ಅಂಕಿ ಕೊರೆದಿದೆ.
ಹಳೇ ಟವೆಲ್ಲಿನ ಮೇಲೆ ಸಾಲಾಗಿ ಮಲಗಿಸಿದೆ,
ಸ್ಪ್ರಿಂಗು, ಫೆಲ್ಟು, ಗುಂಡಿ
ಯಾರದು ಅವರ ಪಕ್ಕಕ್ಕೇ.
ಎಣ್ಣೆ ಮಾತ್ರ ಹೊಲಿಗೆ ಮಿಷಿನ್ನಿನದು.
ಕೊಬ್ಬರಿಯ ಊರಲ್ಲಿದ್ದೂ ಕೊಬ್ಬರಿ ಎಣ್ಣೆ ಹಾಕುವಂತಿಲ್ಲ.
ಹಾಕಿದ್ದೆ ಒಮ್ಮೆ.
ಬಾಣಾವರದಲ್ಲಿ, ಮಾಘದ ಚಳಿ, ಬೆಳಗಿನ ಜಾವ.
ಎಣ್ಣೆ ಹೆಪ್ಪುಗಟ್ಟಿ, ಒತ್ತಿದ ಎರಡನೇ ಪಿಸ್ಟನ್
ಮೇಲೇಳಲೇ ಇಲ್ಲ.
ಮದುಮಗ ಕಾರಿಳಿಯುತ್ತಿದ್ದಾನೆ,
ಸ್ವರ ಅರ್ಧ ಮೆಟ್ಟಿಲು ಕೆಳಗೆ ಜಾರಿ
ಸಾವಿನ ಮನೆಯ ದನಿ ತೆಗೆಯುತ್ತಿದೆ.

ಸ್ಕೂಟರಿನ ಬ್ರೇಕ್ ವೈರಿನ ತುದಿಗೆ
ಬಟ್ಟೆ ಚೂರು ಕಟ್ಟಿ
ಒಳಗೆ ತೂರಿಸಿ ಎಳೆದೆ.
ಬಕೆಟ್ಟಿಗೆ ಬಿದ್ದದ್ದು: ಕಿಲುಬು, ಪಾಚಿಯಂಥ ಹಸಿರು,
ಒಂದು ಅಕ್ಷತೆ ಕಾಳು, ಯಾರ ಮದುವೆಯದೋ,
ಅರಿಸಿನ ಇನ್ನೂ ಬಿಟ್ಟಿಲ್ಲ,
ಮತ್ತೆ ಒಂದಿಷ್ಟು ಕೆಂಪು.
ನಾನು ಎಲೆಅಡಿಕೆ ಹಾಕುವವನಲ್ಲ.
ಹಾಕುತ್ತಿದ್ದವರು ಬುಡೇನ್ ಮೇಸ್ಟ್ರು.
ಅವರು ಹೋಗಿ ಹನ್ನೊಂದು ಆಷಾಢ ಕಳೆಯಿತು,
ಹನ್ನೊಂದು ಸಲ ತೊಳೆದಿದ್ದೇನೆ.
ಹಿತ್ತಾಳೆಗೆ ಹತ್ತುವ ಕೆಂಪು ರೋಗ ಅದು, ಅನ್ನುತ್ತಾನೆ
ವೆಲ್ಡಿಂಗ್ ಅಂಗಡಿಯ ಪುಟ್ಟಶಾಮಿ.
ಇರಬಹುದು.

ಮೊದಲ ದಿನ ಮೇಸ್ಟ್ರು ತಾವು ಊದಿ
ಹಾಗೇ ನನ್ನ ಕೈಗಿಟ್ಟರು. ಒರೆಸಲಿಲ್ಲ.
ನಾನು ಅಂಗಿಯ ಅಂಚು ಹಿಡಿದೆ,
ಬಿಟ್ಟೆ.
ನಮಗೆ ಹಿಂದಿನ ಬಾಗಿಲ ಪಕ್ಕ ಎಲೆ ಹಾಕಿ
ಲೋಟ ಕಚ್ಚಬೇಡ, ಎತ್ತಿ ಕುಡಿ ಎನ್ನುತ್ತಿದ್ದ ಮನೆಗಳು.
ಆ ಮನೆಗಳ ಶುಭವೆಲ್ಲ ಹೊರಟದ್ದು
ಇಬ್ಬರ ಬಾಯಿ ಮುಟ್ಟಿದ ಈ ಕೊಳವೆಯಿಂದ.

ಕೊಳವೆಯ ತಿರುವಿನಲ್ಲೊಂದು ಪುಟ್ಟ ಕೀಲಿ.
ಎರಡು ಹಾಡಿನ ನಡುವೆ ಅದನ್ನೊತ್ತಿ ಊದಿದರೆ
ಹನಿಹನಿ ನೆಲಕ್ಕೆ.
ನಾವೆಲ್ಲ ಎಂಜಲು ಕೀಲಿ ಎನ್ನುತ್ತಿದ್ದೆವು.
"ಎಂಜಲಲ್ಲ ಕಣಯ್ಯಾ, ಉಸಿರಿನ ಬೆವರು"
ಅಂತ ಮೇಸ್ಟ್ರು, ಬಾಯ್ತುಂಬ ಎಲೆಅಡಿಕೆ.
ಅದರ ಬೂಚು ಸವೆದಿತ್ತು.
ಸೈಕಲ್ ಟ್ಯೂಬಿನ ಚೂರು ಕತ್ತರಿಸಿ ಅಂಟಿಸಿದೆ.

ರೈಲ್ವೆ ಕ್ವಾರ್ಟರ್ಸಿನ ಜಾಹ್ನವಿ ಬಂದಳು,
ಒಂಬತ್ತನೇ ಕ್ಲಾಸು, ಸ್ಕೂಲ್ ಬ್ಯಾಂಡಿಗೆ ಕಲಿಯಬೇಕಂತೆ.
ದಿನಾ ಬ್ಯಾಗಿನಿಂದ ಸ್ಯಾನಿಟೈಸರ್ ಬಾಟಲಿ ತೆಗೆದು
ಮೌತ್‌ಪೀಸನ್ನು ಮೂರು ಸಲ ಒರೆಸುತ್ತಾಳೆ.
ತಪ್ಪೇನಿಲ್ಲ, ಕಾಯಿಲೆ ಕಾಲ.
ಆದರೂ ಅಂಗಿಯ ಅಂಚು ಹಿಡಿದು ಬಿಟ್ಟ ಕೈ ಇದೆಯಲ್ಲ,
ಅದಕ್ಕೆ ಏನೋ ಆಗುತ್ತದೆ.

ಪಿಸ್ಟನ್ನುಗಳನ್ನು ಇವತ್ತು ಅವಳೇ ಹಾಕಿದಳು.
ಎರಡರ ಮನೆಗೆ ಮೂರು.
ಊದಿದರೆ ಗಾಳಿ ಹೋಗದೆ
ಕೆನ್ನೆಗೇ ವಾಪಸ್ಸು.
"ಕೆಟ್ಟುಹೋಯ್ತಾ ಅಂಕಲ್?"
ಅಂಕಿ ನೋಡು ಎಂದೆ.
ತೆಗೆದಳು, ನೋಡಿದಳು, ತುಟಿ ಕಚ್ಚಿಕೊಂಡು
ಮೆಲ್ಲಗೆ ತಿರುಗಿಸಿದಳು,
ಟಿಕ್ ಎನ್ನುವ ತನಕ.

ನಾನೊಮ್ಮೆ ಊದಿ ನೋಡಿದೆ. ಹಾದಿ ಸಲೀಸಾಗಿತ್ತು.
ಅವಳು ಬಾಟಲಿಗೆ ಕೈ ಹಾಕುವ ಮೊದಲೇ
ನಾನೇ ಅಂಗಿಯಲ್ಲಿ ಒರೆಸಿ ಕೊಟ್ಟೆ.
ಮೇಸ್ಟ್ರು ಬೈಯುತ್ತಿದ್ದರೋ ಏನೋ.
ಅವಳಿಂದ ಹೊರಟದ್ದು ಸ್ವರವೇನಲ್ಲ,
ಹಸಿದ ಕರುವಿನ ಕೂಗು.

ಈಗ ಕೀಲಿ ಒತ್ತು, ಎಂದೆ.
ಬಚ್ಚಲ ಕಲ್ಲಿನ ಮೇಲೆ ಎರಡು ಹನಿ ಬಿದ್ದವು.
ತೊಳೆದ ನೀರೋ, ಅವಳದೋ, ನನ್ನದೋ,
ಬಗ್ಗಿ ನೋಡುವಷ್ಟರಲ್ಲಿ
ಕಲ್ಲು ಕುಡಿದಿತ್ತು.